ಬಾಯಿಮಾತು ಬೇಡ, ಬರೆದು ಕೊಡಿ

2019ರ ಅಕ್ಟೋಬರ್‌ನಲ್ಲಿ ಶಿಕಾಗೋದ ನಮ್ಮ ಕನ್ನಡದವರ ನಡುವೆ ಒಂದೇ ಪ್ರಶ್ನೆ ಓಡಾಡುತ್ತಿತ್ತು. ಐದು ವರ್ಷಕ್ಕೆ ಶೇ. 16ರಷ್ಟು ಸಂಬಳ ಏರಿಸ್ತೀನಿ ಅಂತ ಮೇಯರ್ ಹೇಳಿಯಾಗಿದೆ, ಆದರೂ ಈ ಸರ್ಕಾರಿ ಶಾಲೆ ಟೀಚರ್‌ಗಳು ಯಾಕೆ ಮುಷ್ಕರ ಹೂಡಿ ಬೀದಿಯಲ್ಲಿ ನಿಂತಿದ್ದಾರೆ? ದೀಪಾವಳಿಯ ವಾರ ಅದು. ಯಾರ ಮನೆಗೆ ಹೋದರೂ ಹೋಳಿಗೆ ಮುಗಿಯುವುದರೊಳಗೆ ಈ ಮಾತು ಬರುತ್ತಿತ್ತು. ಕೇಳುತ್ತಿದ್ದವರಲ್ಲಿ ಹೆಚ್ಚಿನವರು ನಗರದ ಹೊರಗಿನ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆಯವರು. ಅಲ್ಲಿನ ಶಾಲೆಗಳ ಆಡಳಿತವೇ ಬೇರೆ. ಅವರ ಮಕ್ಕಳು ಎಂದಿನಂತೆ ಹಳದಿ ಬಸ್ ಹತ್ತುತ್ತಿದ್ದರು. ನಗರದ ಒಳಗೇ ಇರುವ ನಮ್ಮಂಥ ಕೆಲವೇ ಮನೆಯವರು ಮಾತ್ರ, ನಾಳೆ ಮಕ್ಕಳನ್ನು ಎಲ್ಲಿ ಬಿಡೋದು ಅಂತ ರಾತ್ರಿ ಫೋನ್ ಹಿಡಿದು ಕೂರುತ್ತಿದ್ದೆವು.

ಪ್ರಶ್ನೆ ಸಹಜವಾದದ್ದೇ. ನಾವು ಬೆಳೆದ ಕಡೆ ಸರ್ಕಾರಿ ಮೇಷ್ಟ್ರ ಸಂಬಳಕ್ಕೆ ಯಾರೂ ಮೇಜಿನ ಎರಡು ಕಡೆ ಕೂತು ಚೌಕಾಸಿ ಮಾಡಿದ್ದನ್ನು ನೋಡಿಲ್ಲ. ವೇತನ ಆಯೋಗ ಬರುತ್ತೆ, ವರದಿ ಕೊಡುತ್ತೆ, ಸರ್ಕಾರ ಆದೇಶ ಹೊರಡಿಸುತ್ತೆ. 2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರು ಅನಿರ್ದಿಷ್ಟ ಮುಷ್ಕರ ಅಂತ ಶುರು ಮಾಡಿದರು. ಶೇ. 17ರ ಮಧ್ಯಂತರ ಪರಿಹಾರ ಘೋಷಣೆಯಾಯಿತು, ಅದೇ ದಿನ ಮುಷ್ಕರ ಮುಗಿಯಿತು. ಪರ್ಸೆಂಟೇಜ್ ಸಿಕ್ಕಿತು, ಎದ್ದು ಹೋದರು. ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು, ಲೈಬ್ರರಿಗೆ ಯಾರಿರಬೇಕು ಅನ್ನೋದು ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಅತಿಥಿ ಶಿಕ್ಷಕರ ಪಾಡಂತೂ ಯಾವ ಆಯೋಗದ ಲೆಕ್ಕಕ್ಕೂ ಬರುವುದಿಲ್ಲ. ಹೀಗಿರುವಾಗ, ಪರ್ಸೆಂಟೇಜ್ ಕೊಡ್ತೀನಿ ಅಂದ ಮೇಲೂ ನಿಂತೇ ಇರುವ ಟೀಚರ್‌ಗಳು ನಮಗೆ ಹಟಮಾರಿಗಳ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಇದಕ್ಕೆ ಉತ್ತರ ಸಿಗಬೇಕಾದರೆ 1995ಕ್ಕೆ ಹೋಗಬೇಕು.

ಶಿಕಾಗೋದ ಟೀಚರ್‌ಗಳಿಗೆ ಮುಷ್ಕರ ಹೊಸದಲ್ಲ. 1937ರಲ್ಲಿ ಹುಟ್ಟಿದ ಯೂನಿಯನ್ ಅದು. 1969ರಿಂದ 1987ರ ನಡುವೆ ಒಂಬತ್ತು ಸಲ ಶಾಲೆ ಬಿಟ್ಟು ಹೊರಗೆ ಬಂದಿದೆ. 1987ರದ್ದು 19 ದಿನ ನಡೆಯಿತು. ಊರಿನ ಜನ ರೋಸಿಹೋಗಿದ್ದರು. 1995ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆ ಶಿಕಾಗೋಗೆಂದೇ ಒಂದು ಕಾನೂನು ಮಾಡಿತು. ಶಾಲಾ ಮಂಡಳಿಯನ್ನು ನೇಮಿಸುವ ಅಧಿಕಾರ ಪೂರ್ತಿ ಮೇಯರ್ ಕೈಗೆ ಹೋಯಿತು. ಅದರ ಜೊತೆಗೇ 4.5 ಅನ್ನೋ ಒಂದು ಕಲಂ ಬಂತು. ಪತ್ರಿಕೆಗಳಲ್ಲಿ ಅದರ ಬಗ್ಗೆ ಜಾಸ್ತಿ ಓದಲು ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಮುಂದಿನ ಇಪ್ಪತ್ತೈದು ವರ್ಷದ ಜಗಳವೆಲ್ಲ ಆ ಕಲಮಿನ ಹೊಟ್ಟೆಯಿಂದಲೇ ಹುಟ್ಟಿದ್ದು.

ಕಲಂ ಹೇಳಿದ್ದಿಷ್ಟು. ಸಂಬಳ, ಸೌಲಭ್ಯಗಳ ಬಗ್ಗೆ ಯೂನಿಯನ್ ಮಾತಾಡಬಹುದು, ಅದಕ್ಕಾಗಿ ಮುಷ್ಕರವನ್ನೂ ಮಾಡಬಹುದು. ತರಗತಿಯ ಗಾತ್ರ, ಸಿಬ್ಬಂದಿ ಎಷ್ಟಿರಬೇಕು, ಶಾಲೆಯ ದಿನ ಎಷ್ಟು ಉದ್ದ, ಇಂಥವುಗಳ ಬಗ್ಗೆ ಮೊದಲು ಮಾತೇ ಇಲ್ಲ; 2003ರ ತಿದ್ದುಪಡಿ ಆದ ಮೇಲೆ, ಮಂಡಳಿಗೆ ಮನಸ್ಸಿದ್ದರೆ ಮಾತಾಡುತ್ತೆ, ಇಲ್ಲದಿದ್ದರೆ ಇಲ್ಲ. ಅದಕ್ಕೆಂದು ಮುಷ್ಕರ ಮಾಡುವ ಹಾಗಿಲ್ಲ. ರಾಜ್ಯದ ಬೇರೆ ಊರಿನ ಟೀಚರ್‌ಗಳಿಗೆ ಈ ಕಟ್ಟು ಇರಲಿಲ್ಲ, ಶಿಕಾಗೋಗೆ ಮಾತ್ರ. ಅಂದರೆ ದುಡ್ಡಿನ ಮಾತು ಬಿಟ್ಟು ಬೇರೆ ಮಾತಾಡಬೇಡಿ ಅಂತ ಕಾನೂನೇ ಹೇಳಿತು. ಆಮೇಲೆ ಟೀಚರ್‌ಗಳು ಬಾಯಿ ಬಿಟ್ಟಾಗಲೆಲ್ಲ, ಇವರಿಗೆ ಬರೀ ದುಡ್ಡಿನದೇ ಚಿಂತೆ ಅಂತ ಊರು ಬೈಯಿತು.

ಅದೇ ಕಾನೂನು ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡಿತು. ಟೀಚರ್‌ಗಳ ಪಿಂಚಣಿ ನಿಧಿಗೆಂದೇ ಇದ್ದ ತೆರಿಗೆಯ ಹಣವನ್ನು ಶಾಲೆಗಳ ದಿನದ ಖರ್ಚಿಗೆ ಬಳಸಲು ಬಿಟ್ಟಿತು. ನಿಧಿ ಆಗ ತುಂಬಿತ್ತು, ಈಗ ಹಾಕದಿದ್ದರೂ ನಡೆಯುತ್ತೆ ಅಂದುಕೊಂಡರು. ಸುಮಾರು ಹತ್ತು ವರ್ಷ ಮಂಡಳಿ ತನ್ನ ಪಾಲು ಕಟ್ಟಲೇ ಇಲ್ಲ. ಆ ಸಾಲದ ಬಡ್ಡಿಯನ್ನು ಊರು ಇವತ್ತಿಗೂ ತೀರಿಸುತ್ತಿದೆ. ಈ ವಿಷಯ ಮುಂದೆ ಮತ್ತೆ ಬರುತ್ತೆ.

2010ರಲ್ಲಿ ಯೂನಿಯನ್‌ನ ಒಳಗೇ ಒಂದು ಗುಂಪು ಎದ್ದಿತು. ಶಾಲೆ ಮುಚ್ಚುವುದರ ವಿರುದ್ಧ ಅಪ್ಪ-ಅಮ್ಮಂದಿರ ಜೊತೆ ಬೀದಿಗಿಳಿದಿದ್ದ ಸಾಮಾನ್ಯ ಟೀಚರ್‌ಗಳ ಗುಂಪು ಅದು. ಹಳೆಯ ನಾಯಕತ್ವವನ್ನು ಚುನಾವಣೆಯಲ್ಲಿ ಸೋಲಿಸಿ ಅಧ್ಯಕ್ಷೆಯಾಗಿ ಬಂದವರು ಕ್ಯಾರನ್ ಲೂಯಿಸ್. ಹೈಸ್ಕೂಲಿನ ಕೆಮಿಸ್ಟ್ರಿ ಟೀಚರ್. ಅವರ ಅಪ್ಪ-ಅಮ್ಮ ಇಬ್ಬರೂ ಇದೇ ಊರಿನ ಶಾಲೆಗಳಲ್ಲಿ ಪಾಠ ಹೇಳಿದವರು. ಡಾರ್ಟ್‌ಮತ್ ಕಾಲೇಜಿನ 1974ರ ಬ್ಯಾಚಿನಲ್ಲಿ ಇವರೊಬ್ಬರೇ ಕಪ್ಪು ಹೆಣ್ಣುಮಗಳು. ಮಾತು ಚುರುಕು, ನಗು ಜೋರು, ಹೆದರಿಕೆ ಕಡಿಮೆ.

ಮರುವರ್ಷ ಮೇಯರ್ ಆಗಿ ಬಂದವರು ರಾಮ್ ಇಮ್ಯಾನುಯೆಲ್, ಒಬಾಮಾ ಆಫೀಸಿನಿಂದ ನೇರವಾಗಿ ಇಳಿದು ಬಂದವರು. ಶಿಕಾಗೋದ ಶಾಲಾ ದಿನ ದೇಶದ ದೊಡ್ಡ ನಗರಗಳಲ್ಲೇ ತೀರಾ ಚಿಕ್ಕದು, 5 ಗಂಟೆ 45 ನಿಮಿಷ, ಅದನ್ನು ಏಳೂವರೆ ಗಂಟೆ ಮಾಡಬೇಕು ಅಂದರು. ಹೆತ್ತವರಲ್ಲಿ ಎಷ್ಟೋ ಜನಕ್ಕೆ ಅದು ಸರಿಯೇ ಅನ್ನಿಸಿತು, ನನಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಅದೇ ವರ್ಷ ಮಂಡಳಿ, ಒಪ್ಪಂದದಲ್ಲಿ ಬರೆದಿದ್ದ ಶೇ. 4ರ ಏರಿಕೆಯನ್ನು ದುಡ್ಡಿಲ್ಲ ಅಂತ ರದ್ದು ಮಾಡಿತ್ತು. ಕೆಲಸ ಜಾಸ್ತಿ, ಒಪ್ಪಿದ ಸಂಬಳ ಇಲ್ಲ. ಆ ಹೆಚ್ಚಿನ ಗಂಟೆಗಳಲ್ಲಿ ಏನು ಕಲಿಸಬೇಕು ಅಂತ ಕೇಳಿದ್ದಕ್ಕೆ ಮೇಯರ್ ತಮ್ಮ ಮೇಲೆ ಕೆಟ್ಟ ಬೈಗುಳ ಬಳಸಿದರು ಅಂತ ಲೂಯಿಸ್ ಪತ್ರಿಕೆಯವರಿಗೆ ಹೇಳಿದರು. ಮೇಯರ್ ತಮ್ಮ ಮಕ್ಕಳನ್ನು ಹಾಕಿದ್ದು ಶಿಕಾಗೋ ವಿಶ್ವವಿದ್ಯಾಲಯದ ಖಾಸಗಿ ಲ್ಯಾಬ್ ಸ್ಕೂಲಿಗೆ. ಅದು ಅವರ ಹಕ್ಕು, ಬಿಡಿ. ಊರು ಮಾತ್ರ ಅದನ್ನು ಮರೆಯಲಿಲ್ಲ.

2011ರಲ್ಲೇ ರಾಜ್ಯ ಇನ್ನೊಂದು ಬೀಗ ಹಾಕಿತು. ಶಿಕಾಗೋ ಟೀಚರ್‌ಗಳು ಮುಷ್ಕರ ಮಾಡಬೇಕಾದರೆ ಒಟ್ಟು ಸದಸ್ಯರಲ್ಲಿ ಶೇ. 75 ಜನ ಬೇಕು ಅನ್ನಬೇಕು. ಓಟು ಹಾಕದೆ ಮನೆಯಲ್ಲಿ ಕೂತವರೂ ‘ಬೇಡ’ದ ಲೆಕ್ಕಕ್ಕೇ ಸೇರುತ್ತಾರೆ. ಈ ನಿಯಮದಲ್ಲಿ ಚುನಾವಣೆ ನಡೆದರೆ ಅಮೆರಿಕದ ಯಾವ ಮೇಯರೂ ಗೆಲ್ಲುವುದಿಲ್ಲ. ಕಾನೂನಿಗಾಗಿ ಓಡಾಡಿದ್ದ ಒಂದು ಸಂಸ್ಥೆಯ ಮುಖ್ಯಸ್ಥರು, ಇನ್ನು ಈ ಯೂನಿಯನ್‌ಗೆ ಅಷ್ಟು ಓಟು ಸಿಗೋದೇ ಇಲ್ಲ ಅನ್ನೋ ಅರ್ಥದಲ್ಲಿ ಒಂದು ಸಭೆಯಲ್ಲಿ ಹೇಳಿಕೊಂಡರು. ಆ ವಿಡಿಯೋ ಹೊರಗೆ ಬಂತು. ಯೂನಿಯನ್ ಅದನ್ನು ಶಾಲೆ ಶಾಲೆಗೂ ತೋರಿಸುವಂತಾಯಿತು. 2012ರ ಜೂನ್‌ನಲ್ಲಿ ಓಟಾದಾಗ ಒಟ್ಟು ಸದಸ್ಯರಲ್ಲಿ ಸುಮಾರು ಶೇ. 90 ಜನ ‘ಬೇಕು’ ಅಂದಿದ್ದರು. ಓಟು ಹಾಕಿದವರನ್ನಷ್ಟೇ ಎಣಿಸಿದರೆ ಶೇ. 98.

ಸೆಪ್ಟೆಂಬರ್ 10ಕ್ಕೆ ಮುಷ್ಕರ. 26,000 ಮಂದಿ ಕೆಂಪು ಟೀಶರ್ಟ್ ಹಾಕಿ ಬೀದಿಗೆ ಬಂದರು. ಮೂರೂವರೆ ಲಕ್ಷ ಮಕ್ಕಳಿಗೆ ಪಾಠ ನಿಂತಿತು. ಇವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಕ್ಕಳು ಬಡ ಮನೆಯವರು, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಶಾಲೆಯಲ್ಲೇ. ಊಟ ಕೊಡಲೆಂದೇ ನೂರಕ್ಕೂ ಹೆಚ್ಚು ಶಾಲೆಗಳನ್ನು ಅರ್ಧ ದಿನ ತೆರೆದಿಟ್ಟರು. ನಾನು ಆಗ ಈ ಊರಿಗೆ ಬಂದಿರಲಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ, ನಿವೃತ್ತ ಶಾಲಾ ಕ್ಲರ್ಕ್, ಆ ವಾರದ ಕತೆ ಹೇಳಲು ಕೂತರೆ ಕಾಫಿ ಆರಿಹೋಗುತ್ತೆ.

ಅವರು ಹೇಳುವುದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸೆಪ್ಟೆಂಬರ್ 16ರ ಭಾನುವಾರದ ವಿಷಯ. ಅಷ್ಟೊತ್ತಿಗೆ ಒಪ್ಪಂದದ ಕರಡು ಸಿದ್ಧವಾಗಿತ್ತು. ನಾಯಕರು ಹೂಂ ಅಂದಿದ್ದರು. ಸೋಮವಾರ ಶಾಲೆ ಶುರು ಅಂತ ಟೀವಿಯವರು ಹೇಳಲು ತಯಾರಾಗಿದ್ದರು. ಆದರೆ ಯೂನಿಯನ್‌ನಲ್ಲಿ ಮುಷ್ಕರ ನಿಲ್ಲಿಸುವ ಹಕ್ಕಿರುವುದು ಶಾಲೆಗಳಿಂದ ಆರಿಸಿ ಬಂದ ಪ್ರತಿನಿಧಿಗಳ ಸಭೆಗೆ. ಸುಮಾರು ಎಂಟುನೂರು ಜನ. ಅವರು, ನಾವಿನ್ನೂ ಇದನ್ನು ಓದಿಲ್ಲ ಅಂದರು. ಓದಿ, ನಮ್ಮ ಶಾಲೆಯವರಿಗೆ ತೋರಿಸಿ, ಆಮೇಲೆ ಹೇಳ್ತೀವಿ.

ಸೋಮವಾರ ಯಹೂದಿಗಳ ಹೊಸ ವರ್ಷದ ಹಬ್ಬ. ಮಂಗಳವಾರದ ತನಕ ಸಭೆ ಇಲ್ಲ. ಅವತ್ತು ಶಿಕಾಗೋದ ಫುಟ್‌ಪಾತ್‌ಗಳ ಮೇಲೆ, ಶಾಲೆಗಳ ಮುಂದಿನ ಹುಲ್ಲಿನ ಮೇಲೆ ಟೀಚರ್‌ಗಳು ಗುಂಪುಗುಂಪಾಗಿ ಕೂತು ಒಪ್ಪಂದ ಓದಿದರು. ಕಲಂ ಕಲಮಿಗೆ ಗೀಟು ಹಾಕಿಕೊಂಡು, ಇದರ ಅರ್ಥ ಏನು, ಇದು ಪಿಟಿ ಮೇಷ್ಟ್ರಿಗೂ ಲಾಗೂ ಆಗುತ್ತಾ, ವಿಶೇಷ ಮಕ್ಕಳ ತರಗತಿಗೆ ಏನಿದೆ ಅಂತ ಒಬ್ಬರಿಗೊಬ್ಬರು ಕೇಳಿಕೊಂಡು. ನನಗೆ ಗೊತ್ತಿರುವಷ್ಟು ಕಾರ್ಮಿಕ ಹೋರಾಟಗಳಲ್ಲಿ ನಾಯಕ ಕೈ ಎತ್ತಿದರೆ ಶುರು, ಕೈ ಇಳಿಸಿದರೆ ಮುಕ್ತಾಯ. ಸಹಿ ಹಾಕುವ ಕಾಗದವನ್ನು ಹೋರಾಡಿದವರೇ ಓದಬೇಕು ಅಂತ ಎರಡು ದಿನ ಜಾಸ್ತಿ ನಿಂತದ್ದು ನಾನಂತೂ ಬೇರೆ ಕಡೆ ಕೇಳಿಲ್ಲ.

ಮೇಯರ್‌ಗೆ ತಾಳ್ಮೆ ತಪ್ಪಿತು. ಬೇಕೆಂದೇ ಮಾಡಿದ ಮುಷ್ಕರ ಅಂತ ಅವರು ಮೊದಲಿಂದ ಹೇಳುತ್ತಿದ್ದರು. ಈಗ ಮಂಡಳಿ ಕೋರ್ಟಿಗೆ ಹೋಯಿತು. ಅಲ್ಲಿನ ವಾದ ನೋಡಿ. ಇವರು ಟೀಚರ್‌ಗಳ ಕೆಲಸದ ಮೌಲ್ಯಮಾಪನ, ಕೆಲಸ ಹೋದವರನ್ನು ವಾಪಸ್ ಕರೆಯುವುದು, ತರಗತಿಯ ಗಾತ್ರ, ಇಂಥ ವಿಷಯಗಳಿಗೆ ಮುಷ್ಕರ ಮಾಡುತ್ತಿದ್ದಾರೆ, ಕಾನೂನಿನ ಪ್ರಕಾರ ಸಂಬಳಕ್ಕೆ ಮಾತ್ರ ಮಾಡಬಹುದು! ಹೊರಗೆ ಜನರ ಮುಂದೆ ‘ಇವರಿಗೆ ದುಡ್ಡಿನಾಸೆ’, ಒಳಗೆ ಜಡ್ಜ್ ಮುಂದೆ ‘ಇವರು ದುಡ್ಡು ಬಿಟ್ಟು ಬೇರೆ ಏನೇನೋ ಕೇಳ್ತಿದ್ದಾರೆ’. ಜಡ್ಜ್ ಅವಸರ ಮಾಡಲಿಲ್ಲ, ಬುಧವಾರ ನೋಡೋಣ ಅಂದರು. ಮಂಗಳವಾರವೇ ಪ್ರತಿನಿಧಿಗಳು ಮುಷ್ಕರ ನಿಲ್ಲಿಸಿದರು. ಬುಧವಾರ ಮಕ್ಕಳು ಶಾಲೆಗೆ ಹೋದರು.

ಸಿಕ್ಕಿದ್ದು ಏನು? ಮೂರು ವರ್ಷಕ್ಕೆ ಶೇ. 3, 2, 2ರ ಏರಿಕೆ, ಬೇಕಿದ್ದರೆ ನಾಲ್ಕನೆಯ ವರ್ಷಕ್ಕೆ 3. ಮಕ್ಕಳ ಮಾರ್ಕ್ಸ್ ನೋಡಿ ಟೀಚರ್‌ಗೆ ಸಂಬಳ ಕೊಡುವ ಯೋಜನೆ ಬಿದ್ದುಹೋಯಿತು. ಟೀಚರ್‌ಗಳ ಮೌಲ್ಯಮಾಪನದಲ್ಲಿ ಮಕ್ಕಳ ಪರೀಕ್ಷೆಯ ಪಾಲು ಕಾನೂನು ಕೇಳಿದ ಕನಿಷ್ಠ ಮಟ್ಟದಲ್ಲೇ ನಿಂತಿತು. ದಿನ ಉದ್ದವಾಯಿತು, ಅದನ್ನು ತುಂಬಲು ಚಿತ್ರಕಲೆ, ಸಂಗೀತ, ಆಟದ ಟೀಚರ್‌ಗಳನ್ನು ತೆಗೆದುಕೊಂಡರು. ಮೊದಲ ದಿನವೇ ಮಕ್ಕಳ ಕೈಗೆ ಪಠ್ಯಪುಸ್ತಕ ಅನ್ನೋ ಮಾತೂ ಒಪ್ಪಂದಕ್ಕೆ ಬಂತು. ಇದನ್ನು ಒಪ್ಪಂದದಲ್ಲಿ ಬರೆಸಬೇಕಾಯಿತು ಅನ್ನೋದರಲ್ಲೇ ಆ ಶಾಲೆಗಳ ಸ್ಥಿತಿ ಗೊತ್ತಾಗುತ್ತೆ ಅಲ್ವಾ?

ಬರೆಯದೆ ಬಿಟ್ಟಿದ್ದರ ಬೆಲೆ ಎಂಟು ತಿಂಗಳಲ್ಲಿ ಗೊತ್ತಾಯಿತು. 2013ರ ಮೇ 22ರಂದು ಮಂಡಳಿ ಒಂದೇ ಸಭೆಯಲ್ಲಿ 50 ಶಾಲೆಗಳನ್ನು ಮುಚ್ಚಲು ಓಟು ಹಾಕಿತು. ದೇಶದಲ್ಲಿ ಒಂದೇ ಏಟಿಗೆ ಅಷ್ಟು ಶಾಲೆ ಮುಚ್ಚಿದ್ದು ಅದೇ ಮೊದಲು. ಹೆಚ್ಚಿನವು ದಕ್ಷಿಣ ಮತ್ತು ಪಶ್ಚಿಮ ಭಾಗದ ಕಪ್ಪು ಜನರ ಬಡಾವಣೆಗಳಲ್ಲಿ. ಕಟ್ಟಡಗಳು ಅರ್ಧ ಖಾಲಿ ಇವೆ ಅನ್ನೋದು ಕಾರಣ. ಆ ಬಡಾವಣೆಗಳಿಂದ ಜನ ಊರು ಬಿಟ್ಟು ಹೋಗಿದ್ದು ನಿಜ, ಕೋಣೆಗಳು ಖಾಲಿ ಬಿದ್ದಿದ್ದೂ ನಿಜ. ಆದರೆ ಖಾಲಿ ಅನ್ನೋದನ್ನು ಎಣಿಸಿದ್ದು ಹೇಗೆ? ಒಂದು ತರಗತಿಗೆ 30 ಮಕ್ಕಳು ಅನ್ನೋ ಸೂತ್ರದಿಂದ. ಇಪ್ಪತ್ತೇ ಮಕ್ಕಳಿದ್ದು ಪಾಠ ಚೆನ್ನಾಗಿ ನಡೆಯುತ್ತಿದ್ದರೆ, ಸೂತ್ರದ ಪ್ರಕಾರ ಆ ಕೋಣೆಯ ಮೂರನೇ ಒಂದು ಭಾಗ ವ್ಯರ್ಥ. ತರಗತಿಯ ಗಾತ್ರದ ಬಗ್ಗೆ ಮಾತಾಡುವ ಹಕ್ಕು ಟೀಚರ್‌ಗಳಿಗೆ ಇಲ್ಲ ಅಂತ 1995ರಲ್ಲೇ ತೀರ್ಮಾನವಾಗಿತ್ತಲ್ಲ, ಅದು ಇಲ್ಲಿ ಬಂದು ಕಚ್ಚಿತು.

ಕ್ಯಾರನ್ ಲೂಯಿಸ್ 2015ರ ಮೇಯರ್ ಚುನಾವಣೆಯಲ್ಲಿ ಇಮ್ಯಾನುಯೆಲ್ ವಿರುದ್ಧ ನಿಲ್ಲುವ ಯೋಚನೆಯಲ್ಲಿದ್ದರು. 2014ರ ಅಕ್ಟೋಬರ್‌ನಲ್ಲಿ ಮೆದುಳಿನ ಗೆಡ್ಡೆ ಪತ್ತೆಯಾಯಿತು. 2021ರ ಫೆಬ್ರವರಿಯಲ್ಲಿ ತೀರಿಕೊಂಡರು.

ಈಗ 2019. ಮೇಯರ್ ಲೋರಿ ಲೈಟ್‌ಫುಟ್ ಚುನಾವಣೆಗೆ ನಿಂತಾಗ ಹೇಳಿದ್ದನ್ನೇ ಯೂನಿಯನ್ ಕೇಳುತ್ತಿತ್ತು. ಪ್ರತಿ ಶಾಲೆಗೂ ನರ್ಸ್, ಸಮಾಜ ಕಾರ್ಯಕರ್ತೆ, ಲೈಬ್ರರಿಯನ್. ಮೇಯರ್ ಇಲ್ಲ ಅನ್ನಲಿಲ್ಲ. ಮಾಡ್ತೀವಿ, ಬಜೆಟ್‌ನಲ್ಲಿ ದುಡ್ಡು ಇಡ್ತೀವಿ, ಒಪ್ಪಂದದಲ್ಲಿ ಬರೆಯೋದು ಬೇಡ ಅಂದರು. ಯೂನಿಯನ್ ಹೇಳಿದ್ದು, ಬರೆದು ಕೊಡಿ. ಅಷ್ಟೇ ಜಗಳ. ಹನ್ನೊಂದು ಶಾಲಾ ದಿನ ನಡೆದಿದ್ದು ಇದಕ್ಕೆ. ನಮ್ಮ ದೀಪಾವಳಿಯ ಪ್ರಶ್ನೆಗೂ ಇದೇ ಉತ್ತರ.

ಯಾಕೆ ಅಷ್ಟು ಹಟ ಅನ್ನೋದು ಮಗಳ ಶಾಲೆಯನ್ನು ನೋಡಿದವಳಿಗೆ ಬೇಗ ಅರ್ಥವಾಗುತ್ತೆ. ನರ್ಸ್ ಅನ್ನುವವರು ಮೂರ್ನಾಲ್ಕು ಶಾಲೆಗಳ ನಡುವೆ ಕಾರು ಓಡಿಸಿಕೊಂಡು ತಿರುಗುವವರು. ನಮ್ಮಲ್ಲಿಗೆ ಬರುವ ದಿನ ಬಿಟ್ಟು ಬೇರೆ ದಿನ ಮಗಳಿಗೆ ಉಬ್ಬಸ ಬಂದರೆ ಇನ್‌ಹೇಲರ್ ಕೊಡುವುದು ಆಫೀಸಿನ ಕ್ಲರ್ಕ್. ಪಾಪ, ಒಳ್ಳೆಯ ಮನುಷ್ಯ, ಆದರೆ ಕ್ಲರ್ಕ್. ಲೈಬ್ರರಿ ಇತ್ತು, ಪುಸ್ತಕಗಳಿದ್ದವು, ಲೈಬ್ರರಿಯನ್ ಇರಲಿಲ್ಲ, ಆದ್ದರಿಂದ ಬೀಗ ಇತ್ತು. ಮುಂದಿನ ವರ್ಷ ಸರಿ ಮಾಡ್ತೀವಿ ಅನ್ನೋ ಮಾತನ್ನು ಹೆತ್ತವರ ಸಭೆಯಲ್ಲಿ ಎಷ್ಟು ಸಲ ಕೇಳಿದ್ದೇವೋ.

ಹಾಗಂತ ಆ ಎರಡು ವಾರ ನಾನು ಸಂತೋಷದಿಂದ ಇದ್ದೆ ಅಂತಲ್ಲ. ಮನೆಯಲ್ಲಿ ರಜೆ ಹಾಕುವ ಸರದಿಯ ಮೇಲೆ ಜಗಳವಾಯಿತು. ಗಂಟೆ ಲೆಕ್ಕದ ಕೂಲಿಯವರ ಮನೆಯಲ್ಲಿ ಇನ್ನೂ ಏನಾಯಿತೋ. ಯೂನಿಯನ್ ಬಡವರ ಮನೆ ಬಾಡಿಗೆಯ ವಿಷಯವನ್ನೂ ಮೇಜಿನ ಮೇಲೆ ಇಟ್ಟಾಗ, ಇದು ಅತಿಯಾಯಿತು ಅನ್ನಿಸಿತು. ಈ ಊರಿನ ಶಾಲೆಗಳಲ್ಲಿ ಸ್ವಂತ ಸೂರಿಲ್ಲದ ಮಕ್ಕಳು ಹದಿನಾರು ಸಾವಿರಕ್ಕೂ ಹೆಚ್ಚು ಅಂತ ಗೊತ್ತಿದ್ದೂ, ಅದನ್ನು ಟೀಚರ್‌ಗಳ ಒಪ್ಪಂದದಲ್ಲಿ ಬಗೆಹರಿಸಲು ಆಗುತ್ತಾ ಅನ್ನೋ ಅನುಮಾನ ನನಗೆ ಈಗಲೂ ಇದೆ. ಕೊನೆಗೆ ಬಂದಿದ್ದು ಅಂಥ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಅದಕ್ಕೆಂದೇ ಒಬ್ಬ ಸಿಬ್ಬಂದಿ. ಅದು ಸರಿಯಾದ ಅಳತೆ ಅನ್ನಿಸುತ್ತೆ.

ಕೊನೆಯ ಎರಡು ದಿನವಂತೂ ಎರಡೂ ಕಡೆಯವರ ಮೇಲೆ ಸಿಟ್ಟು ಬಂತು. ಒಪ್ಪಂದ ಆಗಿದೆ, ಕಳೆದುಹೋದ ದಿನಗಳಿಗೆ ಬದಲಿ ತರಗತಿ ಎಷ್ಟು ಅನ್ನೋದರ ಮೇಲೆ ಎಳೆದಾಟ. ಬದಲಿ ದಿನ ಅಂದರೆ ಟೀಚರ್‌ಗಳಿಗೆ ಆ ದಿನದ ಸಂಬಳ. ಅಕ್ಟೋಬರ್ 31, ಹ್ಯಾಲೋವೀನ್ ದಿನ, ದಾಖಲೆಯ ಹಿಮ ಸುರಿಯುತ್ತಿತ್ತು. ಸಿಟಿ ಹಾಲ್ ಮುಂದೆ ಟೀಚರ್‌ಗಳು ಕೆಂಪು ಬಟ್ಟೆಯಲ್ಲಿ ನಿಂತಿದ್ದರು. ಐದು ದಿನಕ್ಕೆ ರಾಜಿಯಾಯಿತು. ಪ್ರತಿ ಶಾಲೆಗೂ ನರ್ಸ್ ಮತ್ತು ಸಮಾಜ ಕಾರ್ಯಕರ್ತೆಯನ್ನು ಹಂತಹಂತವಾಗಿ ಕೊಡುವ ಮಾತು, ತುಂಬಿದ ತರಗತಿಗಳನ್ನು ಕಡಿಮೆ ಮಾಡಲು ವರ್ಷಕ್ಕೆ 3.5 ಕೋಟಿ ಡಾಲರ್, ಎರಡೂ ಕಾಗದದ ಮೇಲೆ ಬಂದವು. ಸಂಬಳ ಏರಿಕೆ ಅದೇ ಶೇ. 16. ಮೊದಲು ಕೊಡ್ತೀನಿ ಅಂದಷ್ಟೇ.

2021ರಲ್ಲಿ ಗವರ್ನರ್ ಪ್ರಿಟ್ಸ್‌ಕರ್ 4.5 ಕಲಮನ್ನು ತೆಗೆದುಹಾಕುವ ಮಸೂದೆಗೆ ಸಹಿ ಹಾಕಿದರು. 2023ರಲ್ಲಿ ಯೂನಿಯನ್‌ನ ಸಂಘಟಕರಾಗಿದ್ದ, ಅದಕ್ಕೂ ಮೊದಲು ಟೀಚರ್ ಆಗಿದ್ದ ಬ್ರ್ಯಾಂಡನ್ ಜಾನ್ಸನ್ ಅವರೇ ಮೇಯರ್ ಆದರು. ಇನ್ನೇನು, ಮೇಜಿನ ಎರಡೂ ಕಡೆ ಯೂನಿಯನ್‌ನವರೇ, ಒಪ್ಪಂದ ಒಂದು ವಾರದ ಕೆಲಸ ಅಂತ ಜನ ನಕ್ಕರು. ಒಂದು ವರ್ಷ ಹಿಡಿಯಿತು. ಯಾಕಂದರೆ ಈ ಸಲ ಯಾರು ಏನು ಕೇಳಬಹುದು ಅನ್ನೋದು ಬಗೆಹರಿದಿತ್ತು, ದುಡ್ಡು ಎಲ್ಲಿಂದ ಅನ್ನೋದು ಬಗೆಹರಿದಿರಲಿಲ್ಲ. ಕೋವಿಡ್ ಪರಿಹಾರದ ಹಣ ಮುಗಿದಿತ್ತು. ಮೂವತ್ತು ಕೋಟಿ ಡಾಲರ್ ಸಾಲ ತೆಗೆಯಿರಿ ಅಂತ ಮೇಯರ್ ಕಡೆಯವರು ಒತ್ತಡ ಹಾಕಿದರು, ಶಾಲೆಗಳ ಮುಖ್ಯಸ್ಥ ಪೆಡ್ರೊ ಮಾರ್ಟಿನೆಜ್ ಒಪ್ಪಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಮೇಯರ್ ತಾವೇ ನೇಮಿಸಿದ್ದ ಮಂಡಳಿಯ ಏಳೂ ಸದಸ್ಯರು ಒಟ್ಟಿಗೆ ರಾಜೀನಾಮೆ ಘೋಷಿಸಿದರು. ಡಿಸೆಂಬರ್‌ನಲ್ಲಿ ಹೊಸ ಮಂಡಳಿ ಮಾರ್ಟಿನೆಜ್ ಅವರನ್ನು ವಜಾ ಮಾಡಿತು. ಯೂನಿಯನ್ ಬಗ್ಗೆ ಒಲವಿರುವ ನನಗೂ ಆ ತಿಂಗಳುಗಳು ಚೆನ್ನಾಗಿ ಕಾಣಲಿಲ್ಲ. ಲೆಕ್ಕ ನೋಡಿಕೊಳ್ಳುವವನು ಲೆಕ್ಕ ಸರಿಯಿಲ್ಲ ಅಂದರೆ ಅವನನ್ನೇ ಕಳಿಸುವುದು ಇಮ್ಯಾನುಯೆಲ್ ಕಾಲದ ಅಭ್ಯಾಸ ಅಂದುಕೊಂಡಿದ್ದೆ.

ಇಲ್ಲಿನ ದುಡ್ಡಿನ ಲೆಕ್ಕದಲ್ಲಿ ಟಿಫ್ ಅನ್ನೋ ಒಂದು ವ್ಯವಸ್ಥೆ ಇದೆ. ಒಂದು ಬಡಾವಣೆಯನ್ನು ಟಿಫ್ ವಲಯ ಅಂತ ಗುರುತಿಸಿದರೆ, ಅಲ್ಲಿನ ಆಸ್ತಿ ತೆರಿಗೆಯ ಲೆಕ್ಕ ಅವತ್ತಿನ ಮಟ್ಟದಲ್ಲೇ ನಿಲ್ಲುತ್ತೆ. ಮುಂದೆ ಆಸ್ತಿ ಬೆಲೆ ಏರಿ ಬರುವ ಹೆಚ್ಚುವರಿ ತೆರಿಗೆ, ಸಾಮಾನ್ಯವಾಗಿ 23 ವರ್ಷ, ಅಭಿವೃದ್ಧಿಯ ಹೆಸರಿನ ಬೇರೆ ಖಾತೆಗೆ ಹೋಗುತ್ತೆ. ಆ ತೆರಿಗೆಯಲ್ಲಿ ಅರ್ಧಕ್ಕೂ ಜಾಸ್ತಿ ಶಾಲೆಗಳಿಗೆ ಸೇರಬೇಕಾಗಿದ್ದು. ಟೀಚರ್‌ಗಳು 2012ರಿಂದಲೂ ಆ ಖಾತೆಯ ಕಡೆ ಬೆರಳು ತೋರಿಸುತ್ತಲೇ ಇದ್ದಾರೆ. ಆಗ ಅದನ್ನು ಬೀದಿಯ ಘೋಷಣೆ ಅಂತ ತಳ್ಳಿಹಾಕಿದರು. ಈಗ ಪ್ರತಿ ವರ್ಷ ನಗರದ ಬಜೆಟ್ ಹೊತ್ತಿಗೆ ಟಿಫ್‌ನಲ್ಲಿ ಮಿಕ್ಕ ಹಣವನ್ನು ಶಾಲೆಗಳಿಗೆ ಹಂಚುವುದೇ ದೊಡ್ಡ ಸುದ್ದಿ.

2025ರ ಏಪ್ರಿಲ್‌ನಲ್ಲಿ ಓಟು ಹಾಕಿದ ಸದಸ್ಯರಲ್ಲಿ ಶೇ. 97 ಮಂದಿ ಹೊಸ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ವರ್ಷಕ್ಕೆ ಶೇ. 4ರಿಂದ 5ರ ಏರಿಕೆ, ಇನ್ನಷ್ಟು ಲೈಬ್ರರಿಯನ್‌ಗಳು, ಚಿಕ್ಕ ತರಗತಿಗಳು. ಒಂದು ದಶಕಕ್ಕೂ ಹೆಚ್ಚು ಕಾಲದಲ್ಲಿ ಮೊದಲ ಸಲ ಮುಷ್ಕರದ ಓಟೂ ಇಲ್ಲದೆ ಒಪ್ಪಂದ ಮುಗಿಯಿತು. ಅದೇ ಬೇಸಿಗೆಯಲ್ಲಿ ಮಂಡಳಿಯ ಮುಂದೆ ಇದ್ದ ಕೊರತೆ 73.4 ಕೋಟಿ ಡಾಲರ್. ನೇಪರ್‌ವಿಲ್ ಗೆಳೆಯರು ಆ ಅಂಕಿಯ ಸುದ್ದಿಯನ್ನು ನನಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು, ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಹತ್ತು ವರ್ಷ ಪಿಂಚಣಿ ಕಟ್ಟದೆ ಬಿಟ್ಟ ಕತೆಯನ್ನು ನಾನು ವಾಪಸ್ ಬರೆದೆ. ಉದ್ದವಾಯಿತು, ಯಾರೂ ಓದಿದ ಹಾಗಿಲ್ಲ.

ಈ ಒಪ್ಪಂದ 2028ರ ಜೂನ್‌ವರೆಗೆ. ಅಷ್ಟರಲ್ಲಿ 21 ಜನರ ಶಾಲಾ ಮಂಡಳಿ ಪೂರ್ತಿಯಾಗಿ ಚುನಾವಣೆಯಿಂದ ಬಂದಿರುತ್ತೆ, ಮುಂದಿನ ಸಲ ಮೇಜಿನ ಆಚೆ ಮೇಯರ್‌ನ ಜನ ಇರುವುದಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿರುವ ನನ್ನಂಥವರಿಗೆ ಆ ಮಂಡಳಿಗೆ ಓಟಿಲ್ಲ. ಆದರೆ ಹೆಚ್ಚಿನ ಶಾಲೆಗಳಿಗೆ ಲೋಕಲ್ ಸ್ಕೂಲ್ ಕೌನ್ಸಿಲ್ ಅಂತ ಒಂದಿದೆ, 1988ರ ಕಾನೂನಿನದು. ಪ್ರಿನ್ಸಿಪಾಲರನ್ನು ಆರಿಸುವುದು, ಶಾಲೆಯ ಬಜೆಟ್‌ಗೆ ಒಪ್ಪಿಗೆ ಕೊಡುವುದು ಅವರ ಕೆಲಸ. ಅದಕ್ಕೆ ಓಟು ಹಾಕಲು ಪೌರತ್ವ ಕೇಳುವುದಿಲ್ಲ, ಆ ಶಾಲೆಯಲ್ಲಿ ಮಗು ಇದ್ದರೆ ಸಾಕು. ಎರಡು ವರ್ಷಕ್ಕೊಮ್ಮೆ ಚುನಾವಣೆ. ನಗರದಲ್ಲಿರುವ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಸುಮ್ನೆ ಒಂದು ಸಲ ನಿಮ್ಮ ಶಾಲೆಯ ಆಫೀಸಿನಲ್ಲಿ ಮುಂದಿನ ಚುನಾವಣೆ ಯಾವಾಗ ಅಂತ ಕೇಳಿ ನೋಡಿ. ನಮ್ಮ ಶಾಲೆಯಲ್ಲಿ ಕಳೆದ ಸಲ ಹೆತ್ತವರ ಸ್ಥಾನಗಳಿಗೆ ನಿಲ್ಲುವವರೇ ಸಾಕಷ್ಟು ಸಿಗಲಿಲ್ಲ.